ಮಾಲ್‌ನ ಗೊಂಬೆ ಎತ್ತುವ ಮಷಿನ್‌ನಲ್ಲಿ ಗೊಂಬೆ ಅರ್ಧಕ್ಕೇ ಯಾಕೆ ಬೀಳುತ್ತದೆ? ಮೋಸಾನಾ?

ಮಗಳ ಹಠಕ್ಕೆ ಹತ್ತು ಸಲ ಆಡಿ 500 ರೂಪಾಯಿ ಹೋಯಿತು, ಪ್ರತಿ ಸಲ ಗೊಂಬೆ ಮೇಲೆ ಬಂದು ಜಾರಿ ಬಿತ್ತು ಅಂತ ಬರೆದಿದ್ದೀರಿ. ನಿಮ್ಮ ಕೈದೇನೂ ತಪ್ಪಿಲ್ಲ. ಮಷಿನ್ ಕೂಡ ಕೆಟ್ಟಿಲ್ಲ. ಬೀಳಿಸು ಅಂತಲೇ ಅದಕ್ಕೆ ಹೇಳಿಟ್ಟಿರುತ್ತಾರೆ.

ನಾನು ಬಾದಾಮಿ ಕಡೆಯವನು. ಐಟಿಐ ಮುಗಿಸಿದ ಹೊಸದರಲ್ಲಿ ಬೆಳಗಾವಿಯ ಒಂದು ಗೇಮ್ ಝೋನ್‌ನಲ್ಲಿ ಎರಡು ವರ್ಷ ಮಷಿನ್ ರಿಪೇರಿ ನೋಡಿಕೊಳ್ಳುತ್ತಿದ್ದೆ. ಗಾಜಿನ ಬಾಗಿಲು ತೆಗೆದು ಒಳಗೆ ಕೈ ಹಾಕಿದವನು, ಹಾಗಾಗಿ ಕಂಡಿದ್ದನ್ನು ಹೇಳುತ್ತೇನೆ.

ಆ ಮೂರು ಬೆರಳಿನ ಕೈಯ ಮೇಲ್ಗಡೆ ಒಂದು ಗುಂಡನೆಯ ಡಬ್ಬಿ ಇರುತ್ತದಲ್ವಾ? ಅದರೊಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್, ನಡುವೆ ಒಂದು ಕಬ್ಬಿಣದ ಸರಳು. ಕರೆಂಟ್ ಹರಿದಾಗ ಕಾಯಿಲ್ ಅಯಸ್ಕಾಂತ ಆಗಿ ಸರಳನ್ನು ಎಳೆಯುತ್ತದೆ, ಸರಳಿಗೆ ಸೇರಿದ ಬೆರಳುಗಳು ಮುಚ್ಚಿಕೊಳ್ಳುತ್ತವೆ. ಕರೆಂಟ್ ನಿಂತರೆ ತೆರೆದುಕೊಳ್ಳುತ್ತವೆ. ಅಷ್ಟೇ, ಆ ಕೈಯೊಳಗೆ ಮೋಟರ್ ಗೀಟರ್ ಏನೂ ಇಲ್ಲ. ಅಂದರೆ ಹಿಡಿತ ಎಷ್ಟು ಬಿಗಿ ಅನ್ನೋದು ಮುಖ್ಯವಾಗಿ ವೋಲ್ಟೇಜ್ ಮೇಲೆ ನಿಂತಿದೆ, ಆ ವೋಲ್ಟೇಜನ್ನು ಒಳಗಿನ ಬೋರ್ಡ್‌ನಲ್ಲಿ ಗುಂಡಿ ಒತ್ತಿ ಹೆಚ್ಚು ಕಡಿಮೆ ಮಾಡಬಹುದು. ನಮ್ಮಲ್ಲಿದ್ದ ಮಷಿನ್‌ನಲ್ಲಿ ಬಿಗಿ ಹಿಡಿತಕ್ಕೆ ಒಂದು ಸೆಟ್ಟಿಂಗ್, ಸಡಿಲ ಹಿಡಿತಕ್ಕೆ ಇನ್ನೊಂದು, ಬಿಗಿ ಎಷ್ಟು ಹೊತ್ತು ಇರಬೇಕು ಅನ್ನೋದಕ್ಕೆ ಮತ್ತೊಂದು ಇತ್ತು. ನಿಮಗೆ ಆಗಿದ್ದು ಆ ಮೂರನೆಯದು. ಕೆಳಗೆ ಗೊಂಬೆ ಹಿಡಿಯುವಾಗ ಗಟ್ಟಿಯಾಗಿ ಹಿಡಿಯುತ್ತದೆ, ಮೇಲೆ ಬರುತ್ತಿದ್ದ ಹಾಗೆ ವೋಲ್ಟೇಜ್ ಇಳಿಯುತ್ತದೆ, ತುದಿಗೆ ಬಂದು ಕೈ ಟಕ್ ಅಂತ ನಿಂತಾಗ ಆ ಕುಲುಕಿಗೇ ಗೊಂಬೆ ಜಾರುತ್ತದೆ. ನೋಡಿದವರಿಗೆ 'ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು' ಅನ್ನಿಸಬೇಕು, ಮತ್ತೆ 50 ರೂಪಾಯಿ ಕೈಯಲ್ಲಿ ಬರಬೇಕು.

ಇದರ ಹಿಂದಿನ ಲೆಕ್ಕ ಸರಳ. ಗೊಂಬೆಗೆ ಮಾಲೀಕನಿಗೆ 120 ರೂಪಾಯಿ ಬಿತ್ತು ಅನ್ನಿ. ಬಂದ ದುಡ್ಡಿನಲ್ಲಿ ಶೇಕಡ 30ರಷ್ಟು ಮಾತ್ರ ಗೊಂಬೆಗೆ ಹೋಗಲಿ ಅಂತ ಅವನ ಆಸೆ. ಹಾಗಾದರೆ ಒಂದು ಗೊಂಬೆ ಹೋಗುವಷ್ಟರಲ್ಲಿ 400 ರೂಪಾಯಿ ಬರಬೇಕು, ಅಂದರೆ ಎಂಟು ಆಟ. ಬೋರ್ಡ್‌ನಲ್ಲಿ ಎಂಟು ಆಟಕ್ಕೊಮ್ಮೆ ಮಾತ್ರ ಕೊನೆತನಕ ಬಿಗಿ ಹಿಡಿತ ಅಂತ ಇಟ್ಟರೆ ಮುಗಿಯಿತು. ಕೆಲವು ಬೋರ್ಡ್ ಆಟ ಎಣಿಸುತ್ತವೆ, ಕೆಲವು ಚೀಟಿ ಎತ್ತಿದ ಹಾಗೆ ಯಾವಾಗ ಬೇಕಾದರೂ ಬಿಗಿ ಹಿಡಿತ ಕೊಡುತ್ತವೆ. ಹೊರಗೆ ನಿಂತವರಿಗೆ ಯಾವುದು ಅಂತ ಗೊತ್ತಾಗಲ್ಲ. ಹಾಗಾಗಿ ಬೇರೆಯವರು ಸೋಲಲಿ, ಆಮೇಲೆ ನಾನು ಆಡುತ್ತೇನೆ ಅನ್ನುವ ಉಪಾಯ ಎಲ್ಲ ಕಡೆ ನಡೆಯಲ್ಲ.

ಬನಶಂಕರಿ ಜಾತ್ರೆಯಲ್ಲಿ ರಿಂಗ್ ಎಸೆದು ಸೋಪು ಗೆಲ್ಲುವ ಆಟ ಆಡಿದ್ದೀರಾ? ರಿಂಗ್ ಸೋಪಿಗಿಂತ ಕೂದಲೆಳೆಯಷ್ಟು ದೊಡ್ಡದಿರುತ್ತದೆ, ಇದೂ ಅದರ ತಮ್ಮನೇ. ಹೊಸ ಕಲ್ಪನೆಯೂ ಅಲ್ಲ. ಅಮೆರಿಕದ ಜಾತ್ರೆಗಳಲ್ಲಿ 1920-30ರ ಹೊತ್ತಿಗೇ 'ಡಿಗ್ಗರ್' ಅಂತ ಇಂಥ ಮಷಿನ್‌ಗಳಿದ್ದವು, 1951ರಲ್ಲಿ ಅಲ್ಲಿ ಜೂಜಿನ ಸಾಧನಗಳ ಕಾನೂನು ಬಂದಾಗ ಅವೂ ಸಿಕ್ಕಿಬಿದ್ದವು. ಈಗ ನಾವು ನೋಡುವ ಗೊಂಬೆ ಮಷಿನ್‌ಗೆ ಹೆಸರು ತಂದಿದ್ದು 1985ರಲ್ಲಿ ಜಪಾನಿನ ಸೆಗಾ ಕಂಪನಿ ಬಿಟ್ಟ ಯುಎಫ್‌ಒ ಕ್ಯಾಚರ್.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಭಾನುವಾರ ದಿನವಿಡೀ ಆಟ ನಡೆದು ಸಂಜೆ ಕಾಯಿಲ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ತಾಮ್ರದ ಬಿಸಿ 50 ಡಿಗ್ರಿ ಏರಿದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯೋದಕ್ಕೆ ಅದು ಒಡ್ಡುವ ಅಡ್ಡಿ, ಸುಮಾರು ಐದನೇ ಒಂದು ಭಾಗ ಜಾಸ್ತಿ ಆಗುತ್ತದೆ, ಅಷ್ಟರ ಮಟ್ಟಿಗೆ ಕರೆಂಟ್ ಕಡಿಮೆ ಹರಿಯುತ್ತದೆ, ಹಿಡಿತ ಇನ್ನೂ ಸಡಿಲ. ಸೆಟ್ಟಿಂಗ್ ಯಾರೂ ಮುಟ್ಟದಿದ್ದರೂ ಹೀಗಾಗುತ್ತದೆ. ಆಡಲೇಬೇಕು ಅಂದರೆ ಬೆಳಿಗ್ಗೆ ಬಾಗಿಲು ತೆಗೆದ ಹೊಸದರಲ್ಲಿ ಹೋಗಿ.

ಆಡುವ ಮೊದಲು ಸುಮ್ನೆ ನಿಂತು ಬೇರೆಯವರದ್ದು ಎರಡು ಮೂರು ಆಟ ನೋಡಿ. ಬೆರಳು ಗೊಂಬೆಯನ್ನು ಬರೀ ಸವರಿ ಬಂದರೆ ಆ ಮಷಿನ್ ಬಿಟ್ಟುಬಿಡಿ. ಗೊಂಬೆಗಳನ್ನು ಮೂಟೆ ತುಂಬಿದ ಹಾಗೆ ಒತ್ತಿ ಜೋಡಿಸಿದ್ದರೂ ಬಿಡಿ, ಎಂಥ ಬಿಗಿ ಹಿಡಿತ ಬಂದರೂ ಅದು ಕಿತ್ತು ಬರಲ್ಲ. ಗಾಜಿಗೆ ಒರಗಿದ್ದು ಚೆಂದ ಕಾಣುತ್ತದೆ, ಆದರೆ ಕೈ ಅಲ್ಲಿಗೆ ಪೂರ್ತಿ ಹೋಗಲ್ಲ. ಮೇಲೆ ಸಡಿಲವಾಗಿ ಬಿದ್ದಿರೋದು, ಗೊಂಬೆ ಬೀಳುವ ತೂತಿನ ಹತ್ತಿರ ಇರೋದು ಆರಿಸಿ. ತಲೆ ದೊಡ್ಡದಿರುವ ಟೆಡ್ಡಿಯಾದರೆ ಹೊಟ್ಟೆ ಹಿಡಿಯಬೇಡಿ, ತೂಕ ಇರೋದು ತಲೆಯಲ್ಲಿ, ಕುತ್ತಿಗೆ ಹತ್ತಿರ ಬೆರಳು ಸಿಗಬೇಕು.

ಒಮ್ಮೆ ಬೈಲಹೊಂಗಲ ಕಡೆಯ ಒಬ್ಬ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಐದನೇ ಸಲ ಗೊಂಬೆ ಬಿದ್ದಾಗ ನನ್ನ ಕಡೆ ತಿರುಗಿ, "ತಮ್ಮಾ, ಈ ಕೈಯಾಗ ದಮ್ಮ ಇಲ್ಲಲ್ಲೋ" ಅಂದರು. ನಾನು ಇಷ್ಟುದ್ದ ಬರೆದಿದ್ದನ್ನು ಅವರು ಒಂದೇ ಸಾಲಿನಲ್ಲಿ ಹೇಳಿದ್ದರು! ಹುಡುಗಿ ಅಳು ಮುಖ ಮಾಡಿತ್ತು. ನಾನು ಬಾಗಿಲು ತೆಗೆದು ಅದು ಕೇಳಿದ ಮೊಲವನ್ನು ತೂತಿನ ಅಂಚಿಗೆ, ಅರ್ಧ ಹೊರಗೆ ವಾಲುವ ಹಾಗೆ ಇಟ್ಟೆ. ಅಲ್ಲಿ ಎತ್ತುವುದೇ ಬೇಡ, ಬೆರಳು ತಾಗಿದರೆ ಸಾಕು. ಮುಂದಿನ ಆಟಕ್ಕೇ ಬಿತ್ತು.

ಇದೇನು ಕದ್ದು ಮಾಡಿದ ಕೆಲಸವಲ್ಲ. ಮಗು ಜಾಸ್ತಿ ಆಡಿ ಸೋತಿದ್ದರೆ ಗೊಂಬೆ ಸರಿಸಿ ಕೊಡಿ ಅಂತ ಮಾಲೀಕರೇ ಹೇಳಿದ್ದರು, ಜಪಾನಿನಲ್ಲೂ ಕೇಳಿದರೆ ಸರಿಸಿ ಕೊಡುವ ರೂಢಿ ಇದೆ. ಹಾಗಾಗಿ ಮುಂದಿನ ಸಲ ಮೂರು ಆಟ ಆದ ಮೇಲೆ ಅಲ್ಲಿರುವ ಹುಡುಗನನ್ನು ಕರೆದು, ಆ ಗೊಂಬೆ ಸ್ವಲ್ಪ ಈಚೆ ಇಡಪ್ಪಾ ಅಂತ ಕೇಳಿ. ಇಲ್ಲ ಅಂದರೆ ಬೆಳಗಾವಿಯ ಖಡೇಬಜಾರಿನಂಥ ಪೇಟೆಗೆ ನಡೆಯಿರಿ, 500 ರೂಪಾಯಿಗೆ ಅಲ್ಲಿ ಚೌಕಾಸಿ ಮಾಡಿ ಅಂಥವು ಎರಡು ತರಬಹುದು.