ಮೈಲುತುತ್ತ (ಕಾಪರ್ ಸಲ್ಫೇಟ್) ಹೊಳೆಯುವುದಿಲ್ಲ, ಗಂಧಕದ ಜೊತೆ ಕಟ್ಟಿದ ಕಾಪರ್ ಅಯೋಡೈಡ್ ಯುವಿ ಬೆಳಕಿನಲ್ಲಿ ಹೊಳೆಯುತ್ತದೆ. ಎರಡರಲ್ಲೂ ಇರುವುದು ತಾಮ್ರವೇ ಅಲ್ವಾ?

ತಾಮ್ರವೇ, ಆದರೆ ಸ್ಥಿತಿ ಬೇರೆ. ನಮ್ಮ ಕೊಡಗಿನಲ್ಲಿ ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯುತ್ತೇವಲ್ಲ, ಆ ನೀಲಿ ಮೈಲುತುತ್ತದ ತಾಮ್ರ ಎರಡು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ. ಅದರ ಡಿ ಕವಚದಲ್ಲಿ, ಅಂದ್ರೆ ಎಲೆಕ್ಟ್ರಾನ್‌ಗಳು ಕೂರುವ ಒಂದು ಪದರದಲ್ಲಿ, ಒಂದು ಜಾಗ ಖಾಲಿ. ಹೀರಿದ ಬೆಳಕು ಸುಮ್ನೆ ಬಿಸಿಯಾಗಿ ಹೋಗುತ್ತದೆ.

ಕಾಪರ್ ಅಯೋಡೈಡಿನಲ್ಲಿ ಹೋಗಿರುವುದು ಒಂದೇ ಎಲೆಕ್ಟ್ರಾನ್. ಡಿ ಕವಚ ಭರ್ತಿ, ಹಾಗಾಗಿ ಬೆಳಕು ಬಿಸಿಯಾಗಿ ಹೋಗುವ ಆ ದಾರಿ ಇಲ್ಲಿಲ್ಲ. ಎಷ್ಟೋ ಸಲ ನಾಲ್ಕು ತಾಮ್ರ, ನಾಲ್ಕು ಅಯೋಡಿನ್ ಸೇರಿ ಪುಟ್ಟ ಡಬ್ಬಿಯ ಎಂಟು ಮೂಲೆಗಳಂತೆ ಕೂರುತ್ತವೆ. ಈ ತಾಮ್ರಕ್ಕೆ ಗಂಧಕ ಅಂದ್ರೆ ಒಲವು ಜಾಸ್ತಿ. ಎರಡು ಕಡೆ ಗಂಧಕವಿರುವ ಅಣು ಡಬ್ಬಿಯಿಂದ ಡಬ್ಬಿಗೆ ಕೈ ಚಾಚುತ್ತದೆ. ಆ ಸರಪಳಿಯೇ ಕೋಆರ್ಡಿನೇಷನ್ ಪಾಲಿಮರ್. ಯುವಿ ಟಾರ್ಚ್ ಬಿಟ್ಟರೆ ಡಬ್ಬಿಯೇ ಬೆಳಗುತ್ತದೆ, ಹೆಚ್ಚಾಗಿ ಹಳದಿ ಬಣ್ಣದಲ್ಲಿ.

ಗಂಧಕದ ಬದಲು ಪಿರಿಡಿನ್ (ನೈಟ್ರೋಜನ್ ಇರುವ ಉಂಗುರದಂಥ ಅಣು) ಕಟ್ಟಿದ ಡಬ್ಬಿ ಇನ್ನೂ ಸೊಗಸು: ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಅದ್ದಿದರೆ ಹಳದಿ ಬೆಳಕು ನೀಲಿಗೆ ತಿರುಗುತ್ತದೆ!