ಫಿಟ್ಸ್ ನಿಂತಿತ್ತು, ಸಿಟ್ಟು ಶುರುವಾಗಿತ್ತು

ಶಿಡ್ಲಘಟ್ಟದ ಕಡೆಯ ಈ ದಂಪತಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬಂದದ್ದು ಸಂಸಾರದ ಜಗಳವೆಂದು ಹೇಳಿಕೊಂಡು. ಗಂಡ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೂಲಿ ಮಾಡುವವರು. ಮೂರ್ಛೆರೋಗಕ್ಕೆ ಲೆವೆಟಿರಾಸೆಟಮ್ ಎಂಬ ಮಾತ್ರೆ ಶುರುವಾಗಿ ಐದು ತಿಂಗಳಾಗಿತ್ತು, ಫಿಟ್ಸ್ ಮತ್ತೆ ಬಂದಿರಲಿಲ್ಲ. ಇಂಥ ಜಗಳಗಳು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಗುರುತು ಮರೆಸಿ ಇದನ್ನು ಬರೆಯುತ್ತಿದ್ದೇನೆ.

ಎರಡನೇ ಭೇಟಿಯಲ್ಲಿ ಹೆಂಡತಿ, "ಮೇಡಂ, ಮೊದಲು ಇವರು ಬಿದ್ದರೆ ಭಯವಾಗುತ್ತಿತ್ತು, ಈಗ ಎದ್ದು ನಿಂತರೆ ಭಯ" ಎಂದರು. ಗಂಡ ವಾದಿಸಲಿಲ್ಲ, ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಬ್ಲೇಡಿನಿಂದ ಕತ್ತರಿಸಿದ ಅರ್ಧರ್ಧ ಮಾತ್ರೆಗಳಿದ್ದವು. "ಮಗು ಅತ್ತರೂ ರೇಗುತ್ತೆ. ಮಾತ್ರೆಯಿಂದಲೇ ಅನ್ನಿಸಿ ಹತ್ತು ದಿನದಿಂದ ಅರ್ಧವೇ ನುಂಗ್ತಿದ್ದೀನಿ." ನನಗೆ ಅವರ ಸಿಟ್ಟಿಗಿಂತ ಆ ಪೊಟ್ಟಣವೇ ಹೆಚ್ಚು ದಿಗಿಲು ಹುಟ್ಟಿಸಿತು, ಏಕೆಂದರೆ ಅವರು ದಿನವಿಡೀ ಕೂರುವುದು ಗೂಡು ಬೇಯುವ ಕುದಿನೀರಿನ ಪಕ್ಕದಲ್ಲಿ.

ಅವರ ಅನುಮಾನ ನಿರಾಧಾರವೇನಲ್ಲ: ಕಿರಿಕಿರಿ, ಸಿಟ್ಟು, ಖಿನ್ನತೆ ಈ ಔಷಧದ ತಿಳಿದಿರುವ ಅಡ್ಡಪರಿಣಾಮಗಳು. ಆದರೆ ತಾವಾಗಿಯೇ ಮಾತ್ರೆ ಕಡಿಮೆ ಮಾಡಿದರೆ ಫಿಟ್ಸ್ ಮರಳಬಹುದು. ಸೆಳೆತ ಐದು ನಿಮಿಷ ದಾಟಿದರೆ ಅದು ಪ್ರಾಣಕ್ಕೇ ಅಪಾಯ. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು, ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. "ಒಂದೆರಡು ಸಲ" ಎಂದರು. ಹಾಗೆ ಕೇಳಬಾರದಿತ್ತೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು, ನಾನು ಒಪ್ಪುವುದಿಲ್ಲ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೂರ್ಛೆರೋಗದ 11 ಔಷಧಗಳ ಪ್ರಯೋಗಗಳನ್ನು ಪರಿಶೀಲಿಸಿದಾಗ, ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಔಷಧ ಪಡೆದವರಲ್ಲಿ ಸಾವಿರಕ್ಕೆ ಸುಮಾರು ನಾಲ್ವರಲ್ಲಿ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಸುಮಾರು ಇಬ್ಬರಲ್ಲಿ ಕಂಡಿತ್ತು. ಅಪಾಯ ವಿರಳವೆಂಬುದು ನಿಜ, ಆದರೆ ವಿರಳವೆಂದು ಕೇಳದೆ ಬಿಡಲಾಗದು.

ಔಷಧ ಬದಲಿಸುವುದು ನನ್ನ ಕೆಲಸವಲ್ಲ. ಸಿಟ್ಟು ಶುರುವಾದ ದಿನ, ಅರ್ಧ ಮಾತ್ರೆಯ ವಿಷಯ, ಅವರು ಕೊಟ್ಟ ಆ ಉತ್ತರ, ಇಷ್ಟನ್ನೂ ಚೀಟಿಯಲ್ಲಿ ಬರೆದು, ಅವರ ವೈದ್ಯರಿಗೆ ಫೋನ್ ಮಾಡಿ, ಅಂದೇ ಇಬ್ಬರನ್ನೂ ಕಳುಹಿಸಿದೆ. ವೈದ್ಯರು ನೋಡುವವರೆಗೂ ಅವರನ್ನು ಒಂಟಿಯಾಗಿ ಬಿಡಬೇಡಿ, ಕೈ ಎತ್ತುವ ಹಂತ ಬಂದರೆ ಮಗುವಿನೊಂದಿಗೆ ತವರಿಗೆ ಹೋಗಿ, ಅವರ ಜೊತೆಗಿರಲು ಬಾವನನ್ನು ಕರೆಸಿ ಎಂದು ಹೆಂಡತಿಗೆ ಹೇಳಿದೆ. ಸಿಟ್ಟಿಗೆ ಮಾತ್ರೆ ಕಾರಣವಾದರೂ ಹೊಡೆತವನ್ನು ಯಾರೂ ಸಹಿಸಬೇಕಿಲ್ಲ.

ವೈದ್ಯರು ಹಲವು ವಾರಗಳಲ್ಲಿ ಹಂತ ಹಂತವಾಗಿ ಬೇರೆ ಔಷಧಕ್ಕೆ ಬದಲಿಸಿದರು. ಮಾಲೀಕರು ಅವರನ್ನು ಕುದಿನೀರಿನ ಪಕ್ಕದಿಂದ ತೆಗೆದು ಗೂಡು ವಿಂಗಡಿಸುವ ಕೆಲಸಕ್ಕೆ ಹಾಕಿದ್ದಾರೆ. ಅಲ್ಲಿ ಕೂಲಿ ಕಡಿಮೆ. ಮುಂದಿನ ಭೇಟಿಯಲ್ಲಿ ನಾವು ಮೂವರೂ ಹೆಚ್ಚು ಹೊತ್ತು ಮಾತನಾಡಿದ್ದು ಆ ಕೂಲಿಯ ಲೆಕ್ಕವನ್ನೇ.