ಮೇಷ್ಟ್ರನ್ನು ಕೇಳಿ: ‘ರತ್ನ’ ಅಂಟಿಸಬಾರದು, ‘ಸರ್’ ಬಿಡುತ್ತಿಲ್ಲ

ಪ್ರಶ್ನೆ: ಮೇಷ್ಟ್ರೇ, ಎಂಜಿನಿಯರ್ಸ್ ಡೇಗೆ ನಮ್ಮ ಸಂಘದವರು ‘ಭಾರತ ರತ್ನ ಸರ್ ಎಂ. ವಿಶ್ವೇಶ್ವರಯ್ಯ’ ಅಂತ ಫ್ಲೆಕ್ಸ್ ಹಾಕಿಸಿದರು. ಹಾಗೆ ಬರೆಯಬಾರದು ಅಂತ ಒಬ್ಬರು ತಕರಾರು ತೆಗೆದರು. ಯಾರು ಸರಿ?
– ಗೌರಿಬಿದನೂರಿನ ಓದುಗ

ಉತ್ತರ: ತಕರಾರು ತೆಗೆದವರೇ ಸರಿ. ಪಾಪ, ಅವರಿಗೆ ಅವತ್ತು ಯಾರೂ ಕಾಫಿ ಕೂಡ ಕೊಟ್ಟಿರಲಿಕ್ಕಿಲ್ಲ. ನಾನು ಚಿಕ್ಕಬಳ್ಳಾಪುರದಲ್ಲಿ ಮೇಷ್ಟ್ರಾಗಿದ್ದಾಗ ನಮ್ಮ ಶಾಲೆಗೂ ಇಂಥದೇ ಬೋರ್ಡ್ ಬಂದಿತ್ತು. ತಿದ್ದಿಕೊಡಪ್ಪ ಅಂದೆ. ‘ಅದನ್ನ ತೆಗೆದ್ರೆ ಜಾಗ ಖಾಲಿ ಕಾಣುತ್ತೆ ಸಾರ್’ ಅಂದ ಬರೆದವನು. ಹಾಗೇ ನೇತುಹಾಕಿದರು. ನಾನು ಇರೋವರೆಗೂ ಅದು ಹಾಗೇ ಇತ್ತು.

ವಿಷಯ ಇಷ್ಟೇ. ಸೈನ್ಯದ್ದು, ಓದಿನದ್ದು ಬಿಟ್ಟು ಬೇರೆ ಬಿರುದು ಸರ್ಕಾರ ಕೊಡಬಾರದು ಅಂತ ಸಂವಿಧಾನದ 18ನೇ ವಿಧಿ ಹೇಳುತ್ತದೆ. ಹಾಗಾದರೆ ಭಾರತ ರತ್ನ ಏನು ಅಂತ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಇದು ಬಿರುದಲ್ಲ, ಪುರಸ್ಕಾರ, ಆದರೆ ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಸೇರಿಸುವಂತಿಲ್ಲ ಅಂತ 1995ರ ಡಿಸೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಪರಿಚಯ ಹೇಳುವಾಗ ‘ಭಾರತ ರತ್ನ ಪುರಸ್ಕಾರ ಪಡೆದವರು’ ಅನ್ನಬಹುದು, ತೊಂದರೆಯಿಲ್ಲ.

ತಮಾಷೆ ಏನು ಗೊತ್ತಾ? ನಮ್ಮ ಸರ್ಕಾರ 1955ರಲ್ಲಿ ಕೊಟ್ಟದ್ದನ್ನು ಅವರ ಹೆಸರಿಗೆ ಅಂಟಿಸಬಾರದು. 1915ರಲ್ಲಿ ಅವರು ಮೈಸೂರಿನ ದಿವಾನರಾಗಿದ್ದಾಗ ಬ್ರಿಟಿಷರು ಕೊಟ್ಟ ‘ಸರ್’ ಮಾತ್ರ ನೂರು ವರ್ಷ ದಾಟಿದರೂ ಬಿಡುತ್ತಿಲ್ಲ. ನಮ್ಮ ಕಡೆ ಸುಮ್ನೆ ‘ವಿಶ್ವೇಶ್ವರಯ್ಯ’ ಅಂದು ನೋಡಿ, ‘ಯಾವ ವಿಶ್ವೇಶ್ವರಯ್ಯ?’ ಅಂತಾರೆ. ‘ಸರ್ ಎಂವಿ’ ಅಂದರೆ ದನ ಕಾಯೋ ಹುಡುಗನಿಗೂ ಗೊತ್ತು.

ಮುದ್ದೇನಹಳ್ಳಿಯಲ್ಲಿ ಅವರು ಹುಟ್ಟಿದ ಮನೆ ಈಗ ಮ್ಯೂಸಿಯಂ. ಅವರ ಕನ್ನಡಕ, ಕಪ್ಪು ಎಲ್ಲ ಇಟ್ಟಿದ್ದಾರೆ. ನಾನು ಮಕ್ಕಳನ್ನು ನಿಲ್ಲಿಸುತ್ತಿದ್ದದ್ದು ವಿಸಿಟಿಂಗ್ ಕಾರ್ಡಿನ ಅಚ್ಚಿನ ಮುಂದೆ. ಉಲ್ಟಾ ಅಕ್ಷರ ಓದೋಕೆ ಒಬ್ಬೊಬ್ಬರೂ ಕತ್ತು ಸೊಟ್ಟ ಮಾಡುತ್ತಿದ್ದರು. ನೀವೂ ಒಮ್ಮೆ ಹೋಗಿ ಬನ್ನಿ, ಗೌರಿಬಿದನೂರಿನಿಂದ ಏನೂ ದೂರವಲ್ಲ.

ಪ್ರಶ್ನೆ: ಭಾರತ ರತ್ನ ಪದಕ ಎಷ್ಟು ಗ್ರಾಂ ಚಿನ್ನದ್ದು? ದುಡ್ಡು ಎಷ್ಟು ಕೊಡುತ್ತಾರೆ?
– ಕೆಜಿಎಫ್‌ನ ಓದುಗ

ಉತ್ತರ: ಗಣಿ ಮುಚ್ಚಿದರೂ ನಿಮ್ಮೂರಿನವರ ಪ್ರಶ್ನೆ ಬದಲಾಗಲಿಲ್ಲ ನೋಡಿ! ಪದಕ ಕಂಚಿನದು. ಅಂಚು ಮತ್ತು ಸೂರ್ಯನ ಚಿತ್ರ ಪ್ಲಾಟಿನಂನದು. 1954ರಲ್ಲಿ ಶುರುಮಾಡುವಾಗ ದುಂಡನೆಯ ಚಿನ್ನದ ಪದಕ ಅಂತಲೇ ಇತ್ತು, ಮರುವರ್ಷ ಬದಲಾಯಿಸಿದರು. ಈಗಿನದು ಅರಳಿ ಎಲೆಯ ಆಕಾರ. ಉದ್ದ 5.8 ಸೆಂಟಿಮೀಟರ್, ಅಗಲ 4.7. ಒಮ್ಮೆ ಕ್ಲಾಸಿನ ಹುಡುಗರಿಗೆ ಅರಳಿಕಟ್ಟೆಯಿಂದ ಎಲೆ ತರಿಸಿ ಸ್ಕೇಲ್ ಇಟ್ಟು ಅಳೆಸಿದ್ದೆ. ಬಂದ ಎಲೆಗಳೆಲ್ಲ ಇದರ ಎರಡರಷ್ಟು. ಕೊನೆಗೆ ಒಬ್ಬಳು ಚಿಗುರು ಎಲೆ ತಂದಳು, ಸರಿಹೋಯಿತು.

ದುಡ್ಡು ಒಂದು ಪೈಸೆಯೂ ಇಲ್ಲ.

ಪ್ರಶ್ನೆ: ನಮ್ಮ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರಿಗೆ ಭಾರತ ರತ್ನ ಯಾಕೆ ಕೊಡಲಿಲ್ಲ? ಇನ್ನು ಆಗೋದೇ ಇಲ್ಲವಾ? ನಾವೇ ಅರ್ಜಿ ಹಾಕಬಹುದಾ?
– ತುಮಕೂರಿನ ಓದುಗರು

ಉತ್ತರ: ನಿಮ್ಮ ಹೊಟ್ಟೆಯ ಸಂಕಟ ಅರ್ಥವಾಗುತ್ತದೆ. ಸ್ವಾಮೀಜಿ ಹೋದದ್ದು 2019ರ ಜನವರಿ 21ಕ್ಕೆ. ಸರಿಯಾಗಿ ನಾಲ್ಕು ದಿನಕ್ಕೆ ಆ ವರ್ಷದ ಮೂವರ ಹೆಸರು ಬಂತು: ಪ್ರಣಬ್ ಮುಖರ್ಜಿ, ಭೂಪೇನ್ ಹಜಾರಿಕಾ, ನಾನಾಜಿ ದೇಶಮುಖ್. ಆ ಸಂಜೆ ಟೀವಿ ಮುಂದೆ ಕೂತವರ ಮುಖ ನನಗೆ ನೆನಪಿದೆ. 2007ರ ಕರ್ನಾಟಕ ರತ್ನ, 2015ರ ಪದ್ಮಭೂಷಣ ಅವರಿಗೆ ಬಂದಿದ್ದವು. ಯಾಕೆ ಕೊಡಲಿಲ್ಲ ಅನ್ನೋದಕ್ಕೆ ಕಾರಣ ಯಾರೂ ಬರೆದು ಹೇಳುವುದಿಲ್ಲ. ನನ್ನನ್ನು ಕೇಳಿದರೆ, ಕೊಡಬೇಕಿತ್ತು.

ಅರ್ಜಿ ಹಾಕೋ ಮಾತು ಪದ್ಮ ಪ್ರಶಸ್ತಿಗೆ ಸರಿ, ಅಲ್ಲಿ ಯಾರು ಬೇಕಾದರೂ ಹೆಸರು ಸೂಚಿಸಬಹುದು. ಇದಕ್ಕೆ ಪ್ರಧಾನಿಯವರೇ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಬೇಕು.

ಆದರೆ ಇನ್ನು ಆಗೋದೇ ಇಲ್ಲ ಅಂತೇನೂ ಇಲ್ಲ. ಮೊದಲ ವರ್ಷ ತೀರಿಕೊಂಡವರಿಗೆ ಕೊಡುವ ನಿಯಮ ಇರಲಿಲ್ಲ, ಆಮೇಲೆ ಸೇರಿಸಿದರು. ಹಾಗೆ ಮೊದಲು ಪಡೆದವರು ಲಾಲ್ ಬಹದ್ದೂರ್ ಶಾಸ್ತ್ರಿ, 1966ರಲ್ಲಿ. ಕರ್ಪೂರಿ ಠಾಕೂರ್ ತೀರಿಕೊಂಡದ್ದು 1988ರಲ್ಲಿ, ಕೊಟ್ಟದ್ದು 2024ರಲ್ಲಿ.

ಬಂದರೂ ಫ್ಲೆಕ್ಸ್‌ನಲ್ಲಿ ಹೆಸರಿಗೆ ‘ಭಾರತ ರತ್ನ’ ಸೇರಿಸಬೇಡಿ. ‘ನಡೆದಾಡುವ ದೇವರು’ ಅಂತ ಈಗಾಗಲೇ ಇದೆಯಲ್ಲ, ಅದನ್ನೇ ಬರೆಸಿ. ಅದಕ್ಕೆ 18ನೇ ವಿಧಿ ಅಡ್ಡ ಬರುವುದಿಲ್ಲ.